ಪುಟ್ಟಯ್ಯ ಭಾವನನ್ನು ಎಳೆದ ಗಾಳಿ

ಬೆಳಗ್ಗೆ ಗೋಡೆ ಪಕ್ಕ ಮಲಗಿದ್ದ ಪುಟ್ಟಯ್ಯ ಭಾವ ಮಧ್ಯಾಹ್ನ ಕತ್ತಲೆ ಕೋಣೆಯ ನಟ್ಟನಡುವೆ ಇದ್ದರು. ಹುಟ್ಟಿನಿಂದಲೇ ಮೈ ಸೆಟೆದಿದ್ದ ಅವರು ಎಂದೂ ನಡೆದವರಲ್ಲ. ಈಗ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರಲ್ಲ, ಅದು. ಊರವರ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಅಲ್ಲೇ ಇಟ್ಟಿದ್ದರು.

“ಯಾರೂ ಮುಟ್ಟಿಲ್ಲ ಕಣವ್ವ, ಯಾವ್ದೋ ಗಾಳಿ ಎಳ್ಕೊಂಡೋಯ್ತದೆ. ಇವತ್ತು ಕಂಬಕ್ಕೆ ಕಟ್ಟಾಕ್ತೀನಿ,” ಎಂದರು ಅವರ ತಾಯಿ, ನನ್ನ ಗಂಡನ ಸೋದರತ್ತೆ. ಅರವತ್ತರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ, ಶಾಂತಿಗ್ರಾಮದ ಅವರ ಮನೆಗೆ ಹೋಗಿದ್ದೆ.

ಅತ್ತೆ ಹಗ್ಗ ತರಲು ಹೋದರು. ನಾನು ಓದಿದ ಕಾನ್ವೆಂಟಿನ ಪ್ರೇಯರ್ ಹೇಳಿಕೊಳ್ಳುತ್ತ ನಿಂತೆ. ಸರ್ರ್ ಎಂದು ಸದ್ದಾಯಿತು. ಭಾವ ಹಿಮ್ಮಡಿ ಒತ್ತಿ ಬೆನ್ನು ಜಾರಿಸಿದರು. ಮಾಡಿನ ಗಾಜಿನ ಹೆಂಚಿನಿಂದ ಅಂಗೈಯಗಲ ಬಿಸಿಲು ನೆಲಕ್ಕೆ ಬಿದ್ದಿತ್ತು. ಅದು ಸರಿದಂತೆ ಅವರೂ ಸರಿದು ಸೊಟ್ಟ ಮೊಣಕಾಲನ್ನು ಅದಕ್ಕೆ ಒಡ್ಡುತ್ತಿದ್ದರು.

“ಮೂಳೆ... ನೋವು,” ಎಂದರು, ತೊದಲುತ್ತ.

“ಗಾಳಿಯಲ್ಲ ಅತ್ತೆ, ಇವರಿಗೆ ಸನ್‌ಲೈಟ್ ಬೇಕು, ಬಿಸಿಲು,” ಎಂದೆ. ಹಗ್ಗ ಹಿಡಿದು ಬಂದ ಅತ್ತೆ ಅದನ್ನು ಮೂಲೆಗೆ ಎಸೆದರು. ಆಮೇಲೆ ಇಬ್ಬರೂ ಸೇರಿ ಅವರನ್ನು ಕಂಬಳಿಯಲ್ಲಿ ಹೊತ್ತು ಜಗಲಿಗೆ ತಂದೆವು. ಬೆಳಕಿನಲ್ಲಿ ಮಗನ ತಲೆ ಸವರಿದ ಅತ್ತೆ ಬೆಚ್ಚಿ ಕೈ ಹಿಂತೆಗೆದರು.

“ಲೇ ಪುಟ್ಟ, ನಿನ್ ಕೂದ್ಲು ಯಾವಾಗ್ಲಾ ಬೆಳ್ಳಗಾಯ್ತು?”

ಈಗ ನನಗೂ ವಿಟಮಿನ್ ಡಿ ಕಡಿಮೆಯಂತೆ. “ಬಿಸಿಲಿಗೆ ಹೋಗ್ತೀರಾ, ಮೇಡಂ?” ಎಂದು ಡಾಕ್ಟರ್ ಕೇಳಿದರು. ಮನಸ್ಸು ಬಂದಾಗ ಹೋಗುತ್ತೇನೆ ಎನ್ನಹೊರಟವಳು, ಅಂಗೈಯಗಲ ಬಿಸಿಲಿನ ಹಿಂದೆ ಸರಿಯುತ್ತಿದ್ದ ಭಾವ ನೆನಪಾಗಿ, “ಇವತ್ತಿನಿಂದ ಹೋಗ್ತೀನಿ,” ಎಂದೆ.