ಮಗನ ಪಾಲಿಗೆ ಬಂದ ಸೋಮವಾರ

ಯಡೂರಿನಲ್ಲಿ ವೀರಭದ್ರನ ಮುಂದೆ ನಿಂತು ನಾನು ಹೊತ್ತ ಹರಕೆಯಲ್ಲಿ ಒಂದು ಸಣ್ಣ ಚಾಲಾಕಿತನವಿತ್ತು. ಬಾಯಿ ನನ್ನದು, ಹೊಟ್ಟೆ ಸೊಸೆಯದು. “ನಮ್ಮಪ್ಪಾ, ತೊಟ್ಲಿಗೆ ಇನ್ನೊಂದ ಕೂಸು ಕೊಡು. ಸೊಸಿ ಕಡಿಂದ ಇಪ್ಪತ್ತೊಂದ ಸೋಮವಾರ ಒಪ್ಪತ್ತ ಮಾಡಸ್ತೀನಿ” ಎಂದು ಬೇಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ದೊಡ್ಡ ಕೆಲಸ ಮುಗಿಸಿದವಳಂತೆ ಊರಿನ ಬಸ್ಸು ಹತ್ತಿದೆ.

ಆಗ ಮೊಮ್ಮಗಳಿಗೆ ಒಂದೂವರೆ ವರ್ಷ. ಆಕೆ ಹುಟ್ಟಿದಾಗ ಸೊಸೆಗೆ ರಕ್ತ ಬಹಳ ಹೋಗಿತ್ತು. ಎರಡು ಬಾಟಲಿ ಏರಿಸಿ ಉಳಿಸಿಕೊಂಡಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ, “ಮುಂದಿನ ಬಸರಿಗೆ ಅವಸರ ಮಾಡಬ್ಯಾಡ್ರಿ. ಮೊದಲ ಈಕಿ ಮೈಯಾಗ ರಕ್ತ ಆಗ್ಲಿ” ಎಂದಿದ್ದರು. ತಾಯಿ ಮಗು ಇಬ್ಬರೂ ಉಳಿದರಲ್ಲ, ಆ ಸಂತೋಷದಲ್ಲಿ ಅವರ ಮಾತನ್ನು ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಬಿಟ್ಟು ಬಂದೆ.

ನಮ್ಮ ಸೊಸೆ ಎದುರಾಡುವವಳಲ್ಲ. ಸೋಮವಾರ ಬಂತೆಂದರೆ ಬೆಳಗಿನಿಂದ ಬರೀ ಚಹಾ, ಸಂಜೆ ಪೂಜೆಯಾದ ಮೇಲೆ ಒಂದು ಊಟ. ಆ ಊಟವೂ ಗಂಡಸರದೆಲ್ಲ ಮುಗಿದು ಪಾತ್ರೆಯ ತಳದಲ್ಲಿ ಉಳಿದದ್ದು. ಒಂಬತ್ತನೆಯ ಸೋಮವಾರ ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೆ ಕೈಬಿಟ್ಟು ಗೋಡೆಗೆ ಆತು ಕೂತಳು.

“ಅತ್ತೀ, ಕಣ್ಣಿಗೆ ಕತ್ತಲಿ ಬಂದಂಗಾತ್ರಿ.”

“ಕುಂದ್ರ, ಕುಂದ್ರ. ಚಾ ಮಾಡಿ ಕೊಡ್ತೀನಿ” ಎಂದೆ. ತಲೆನೋವಿಗೂ, ಜ್ವರಕ್ಕೂ, ಬೀಗರು ಮುನಿಸಿಕೊಂಡಿದ್ದಕ್ಕೂ ನಮ್ಮ ಮನೆಯಲ್ಲಿ ಇರುವುದು ಅದೊಂದೇ ಔಷಧ.

ಆ ಗುರುವಾರ ಅಂಗನವಾಡಿಗೆ ನರ್ಸಬಾಯಿ ಬಂದಿದ್ದರು. ಕೂಸು ಬೇಕೆನ್ನುವವರು, ಒಂದು ಹೆತ್ತು ಇನ್ನೊಂದರ ದಾರಿ ಕಾಯುವವರು, ಅವರ ಅತ್ತೆಯರು, ಎಲ್ಲರೂ ಬರಬೇಕೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿ ಹೋಗಿದ್ದಳು. ಸೊಸೆಯ ಬೆರಳು ಚುಚ್ಚಿ ರಕ್ತ ನೋಡಿದರು. ಎಂಟೂವರೆ. ನನಗೇನು ಗೊತ್ತು, ಒಳ್ಳೆಯ ಮಾರ್ಕ್ಸೇ ಇರಬೇಕೆಂದು ನಗುತ್ತಾ ನಿಂತಿದ್ದೆ.

“ಹನ್ನೆರಡರ ಮ್ಯಾಲ ಇರಬೇಕ್ರಿ ಕಾಕು, ನಗ್ತೀರೇನು?” ಎಂದರು ನರ್ಸಬಾಯಿ. ಸೊಸೆಯತ್ತ ತಿರುಗಿ, “ಹಿಂದ ಕೊಟ್ಟ ರಕ್ತದ ಗುಳಿಗಿ ತಗೊಂಡಿಯೇನವಾ?”

“ತಗೊಂಡೀನ್ರಿ. ಚಾ ಜೋಡಿ.”

“ಚಾ ಜೋಡಿ ತಗೊಂಡ್ರ ಮೈಗೆ ಹತ್ತೂದಿಲ್ಲ. ಊಟ ಹೆಂಗ ಮಾಡ್ತಿ?”

“ಸೋಮವಾರ ಒಪ್ಪತ್ತ ಐತ್ರಿ.”

“ಯಾರ ಹೇಳಿದ್ರು?”

ಸೊಸೆ ನನ್ನ ಕಡೆ ನೋಡಿದಳು. ಕೋಣೆಯಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ತರಕಾರಿಯ ಚಾರ್ಟು ನೋಡತೊಡಗಿದೆ. ಗಜ್ಜರಿ, ಬೀಟ್‌ರೂಟು, ಮೆಂತ್ಯದ ಸಿವುಡು. ಅಷ್ಟು ಭಕ್ತಿಯಿಂದ ನಾನು ಕಾಯಿಪಲ್ಲೆಯನ್ನು ಎಂದೂ ನೋಡಿರಲಿಲ್ಲ.

ನರ್ಸಬಾಯಿ ಬಿಡಲಿಲ್ಲ. “ಬಾಣಂತಿಗೆ ಅಳವಿ ಉಂಡಿ, ತುಪ್ಪ, ಉತ್ತತ್ತಿ ಎಲ್ಲಾ ಕೊಡ್ತೀರಿ. ಬಸರಾಗೂ ಮೊದಲ ಆಕಿಗೆ ಯಾರ ಉಣಸ್ತೀರಿ? ಕಬ್ಬು ಕಡದ ಮ್ಯಾಲ ಅದ ಬುಡದಿಂದ ಕೂಳಿ ಬೆಳಿ ಬಿಡೂ ಮುಂದ ಹೊಲಕ್ಕ ಗೊಬ್ಬರ ಹಾಕೂದಿಲ್ಲೇನು? ಹೊಲಕ್ಕ ಇರೂ ಮರ್ಯಾದಿ ಸೊಸಿಗಿಲ್ಲೇನು?”

“ನಮ್ಮ ಹೊಲ ದಿನಾ ಐದ ಸಲ ಚಾ ಕುಡಿಯೂದಿಲ್ಲ ಬಿಡ್ರಿ ಬಾಯಾರ” ಎಂದಳು ಹಿಂದೆ ಕೂತ ನಮ್ಮ ಓಣಿಯವಳೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗಬಾರದಿತ್ತು. ನರ್ಸಬಾಯಿ ನನ್ನ ಕೈ ಹಿಡಿದು, “ನಿಮ್ಮ ಬೆರಳೂ ತರ್ರಿ ಕಾಕು” ಎಂದರು. ನನ್ನದು ಎಂಟೂ ಕಾಲು. ಸೊಸೆಗಿಂತ ಕಾಲು ಕಡಿಮೆ! ವಾರಕ್ಕೆ ಮೂರು ಉಪವಾಸ ಮಾಡುವ ನನ್ನ ಹೆಮ್ಮೆ ಆ ಒಂದು ಹನಿಯಲ್ಲಿ ಕರಗಿತು.

ಇಬ್ಬರಿಗೂ ಗುಳಿಗೆ ಕೊಟ್ಟರು. ಊಟವಾದ ಮೇಲೆ ಲಿಂಬೆಹಣ್ಣಿನ ನೀರಿನ ಜೊತೆ ನುಂಗಬೇಕು, ಚಹಾ ಬೇಕೆಂದರೆ ಒಂದೆರಡು ತಾಸು ದೂರ. ಒಮ್ಮೆ ಡಾಕ್ಟರಿಗೂ ತೋರಿಸಿ ಬನ್ನಿ ಎಂದರು. ಸೊಸೆಗೆ ಮಾತ್ರ ಕಡ್ಡಿ ಮುರಿದಂತೆ ಹೇಳಿದರು: ರಕ್ತ ಆಗುವವರೆಗೆ ಬಸಿರೂ ಬೇಡ, ಉಪವಾಸವೂ ಬೇಡ. ಈ ಸ್ಥಿತಿಯಲ್ಲಿ ಮತ್ತೆ ಹೆರಿಗೆಯಾದರೆ ಮೊದಲ ಸಲದಂತೆ ಉಳಿಸಿಕೊಳ್ಳುವುದು ಕಷ್ಟ.

ಆ ಮಾತು ಕೇಳಿ ನನ್ನ ನಗು ನಿಂತಿತು. ಆದರೆ ಇನ್ನೂ ಹನ್ನೆರಡು ಸೋಮವಾರ ಬಾಕಿ ಇದ್ದವು. ಹರಕೆ ಮುರಿದರೆ ಬರಬೇಕಾದ ಕೂಸಿಗೆ ಏನಾದೀತೋ ಎಂಬ ಅಂಜಿಕೆ, ಮುರಿಯದಿದ್ದರೆ ಇದ್ದ ಸೊಸೆಗೇ ಏನಾದೀತೋ ಎಂಬ ಅಂಜಿಕೆ. ಎರಡನ್ನೂ ಹೊತ್ತುಕೊಂಡು ಮತ್ತೆ ಯಡೂರಿಗೆ ಹೋದೆ. ಗುಡಿಯ ನೆರಳಲ್ಲಿ ಕೂತಿದ್ದ ವಯಸ್ಸಾದ ಅಯ್ಯನವರೊಬ್ಬರ ಮುಂದೆ ಎಲ್ಲ ಹೇಳಿದೆ.

“ಹರಕಿ ಹೊತ್ತಾಕಿ ಯಾರವಾ?”

“ನಾನ ರೀ.”

“ಹಸಗೊಂಡಿರಾಕಿ?”

“ಸೊಸಿ ರೀ.”

“ಚಲೋ ಐತಿ ಬಿಡು ನಿನ್ನ ಭಕ್ತಿ!”

“ಇನ್ನ ಮ್ಯಾಲ ನಾನ ಮಾಡ್ತೀನ್ರಿ ಅಯ್ಯಾರ” ಎಂದೆ, ಮುಖ ಕೆಳಗೆ ಹಾಕಿ.

“ನಿನಗೂ ರಕ್ತಿಲ್ಲಂತ ಈಗ ಹೇಳಿದೆಲ್ಲ? ದೇವ್ರಿಗೆ ನಿಮ್ಮಿಬ್ಬರನ್ನೂ ಒಣಗಸಿ ಏನಾಗಬೇಕೈತಿ? ಕೂಸು ಬರೇ ಸೊಸೀದೇನು? ಮಗಂದೂ ಹೌದಲ್ಲವಾ?”

ದೇವರು ಕೆಲವೊಮ್ಮೆ ಹೀಗೆ ಸುಲಭವಾದ ದಾರಿಯನ್ನೇ ತೋರಿಸುತ್ತಾನೆ.

ನನ್ನ ಮಗ ಒಂದು ಹೊತ್ತಿಗೆ ಐದು ರೊಟ್ಟಿ ತಿನ್ನುವವನು. ಉಳಿದ ಹನ್ನೆರಡು ಸೋಮವಾರದ ಒಪ್ಪತ್ತು ಅವನ ಪಾಲಿಗೆ ಎಂದು ಹೇಳಿದಾಗ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಯವ್ವಾ, ನಾ ಯಾಕ?”

“ಅಪ್ಪಾ ಅನಸ್ಕೊಳ್ಳಾಕ ನೀ ಬೇಕು, ಹಸಗೊಂಡಿರಾಕ ಹೆಂಡ್ತಿ ಬೇಕೇನಲೇ?”

ನಮ್ಮ ಯಜಮಾನರು ಪಕ್ಕದಲ್ಲಿ ಮುಸಿಮುಸಿ ನಗುತ್ತಿದ್ದರು. “ಮುಂದಿನ ಹರಕಿ ನಿಮ್ಮ ಹೆಸರಲೇ” ಎಂದೆ. ನಗು ನಿಂತಿತು.

ಮೊದಲ ಸೋಮವಾರ ಬೆಳಗ್ಗೆ ಹತ್ತಕ್ಕೇ ಮಗ ಹೊಲದಿಂದ ಫೋನು ಮಾಡಿ, ಸಾಬೂದಾನಿ ನಡೆಯುತ್ತದೆಯೇ ಎಂದು ಕೇಳಿದ. ಹನ್ನೊಂದಕ್ಕೆ ಬಾಳೆಹಣ್ಣು ನಡೆಯುತ್ತದೆಯೇ ಎಂದ. ಮೂರನೆಯ ಸೋಮವಾರ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಮಿರ್ಚಿ ಭಜಿ ತಿನ್ನುತ್ತಿದ್ದನೆಂದು, ಅಂಗನವಾಡಿಯಲ್ಲಿ ಚಹಾದ ಮಾತಾಡಿದ್ದ ಆ ಓಣಿಯವಳೇ ಬಂದು ವರದಿ ಒಪ್ಪಿಸಿದಳು. ಕರೆದು ಕೇಳಿದರೆ, “ಬಾಯಾಗ ಇಟ್ಟಿದ್ನಿ ಯವ್ವಾ, ನುಂಗಿದ್ದಿಲ್ಲ” ಎಂದ. ದಂಡವಾಗಿ ಇನ್ನೊಂದು ಸೋಮವಾರ ಸೇರಿಸಿದೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗದೆ ಒಳಗೆ ಓಡಿದಳು. ಹೆರಿಗೆಯಾದಾಗಿನಿಂದ ಆಕೆ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಹಸಿವೆ ಅವನಿಗೆ ಒಳ್ಳೆಯದನ್ನೇ ಮಾಡಿತು. ಒಂದು ಸೋಮವಾರ ಸಂಜೆ ತಾಟಿನ ಮುಂದೆ ಕೂತವನು, “ಈಕೀನೂ ಈಗ ಕುಂದ್ರಲಿ. ಹಸಿವಿ ಅಂದ್ರ ಏನಂತ ನನಗ ಗೊತ್ತಾಗೇತಿ” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ ಪಂಕ್ತಿ. ಸಂತೆಯಿಂದ ಮೆಂತ್ಯ, ರಾಜಗಿರಿ ತಾನೇ ತರತೊಡಗಿದ. ನಾನು ಬಾಣಂತಿಯಿಲ್ಲದ ಮನೆಯಲ್ಲಿ ಅಳವಿ ಉಂಡಿ ಕಟ್ಟಿದೆ. ಬೀಗಿತ್ತಿ ಬಂದವಳು ಡಬ್ಬಿ ನೋಡಿ, “ಯಾರ ಹಡದಾರ್ರಿ?” ಎಂದು ಗಾಬರಿಯಾದಳು.

ಗಾಬರಿಯ ಪಾಳಿ ನನಗೆ ಅದಕ್ಕೂ ಮೊದಲೇ ಬಂದುಹೋಗಿತ್ತು. ಗುಳಿಗೆ ಸುರುವಾದ ನಾಲ್ಕನೆಯ ದಿನ ಹೊರಕಡೆಗೆ ಹೋದರೆ ಎಲ್ಲ ಕಪ್ಪು. ಹರಕೆ ಬದಲಿಸಿದ್ದಕ್ಕೆ ದೇವರ ಸಿಟ್ಟೇ ಇದು ಎಂದುಕೊಂಡು, ಎರಡು ದಿನ ಯಾರಿಗೂ ಹೇಳದೆ ಜಪ ಮಾಡಿದೆ. ಕೊನೆಗೆ ಸೊಸೆಯ ಕಿವಿಯಲ್ಲಿ ಹೇಳಿದೆ.

“ನನಗೂ ಹಂಗ ಐತ್ರಿ ಅತ್ತಿ. ಗುಳಿಗಿಗೆ ಹಂಗಾಕ್ಕೈತಿ, ಅಂಜಬ್ಯಾಡ್ರಿ ಅಂತ ಬಾಯಾರು ಅವತ್ತ ಹೇಳಿದ್ರಲ್ಲ. ನೀವು ಚಾರ್ಟ್ ನೋಡಾಕತ್ತಿದ್ರಿ.”

ದಂಡದ ಸೋಮವಾರವೂ ಮುಗಿದ ವಾರ ನರ್ಸಬಾಯಿ ಮತ್ತೆ ಬೆರಳು ಚುಚ್ಚಿದರು. ನನ್ನದು ಹನ್ನೊಂದೂವರೆ, ಸೊಸೆಯದು ಹನ್ನೆರಡು ದಾಟಿತ್ತು. “ಇನ್ನ ಕೂಸು ಬೇಕಂದಾಗ ಮೊದಲ ಬಂದು ಹೇಳವಾ. ಬಸರಿಗೆ ಮುಂಚೆನ ಸುರು ಮಾಡೂ ಗುಳಿಗಿ ಬ್ಯಾರೆ ಅದಾವ” ಎಂದರು.

ಬರುವ ದಾರಿಯಲ್ಲಿ ಸೊಸೆ ಮೊಮ್ಮಗಳನ್ನು ಸೊಂಟ ಬದಲಿಸಿ ಎತ್ತಿಕೊಂಡು, ನೆಲ ನೋಡುತ್ತಾ ಕೇಳಿದಳು. “ಅತ್ತೀ, ಇನ್ನೊಂದ ವರ್ಷ ತಡದ್ರ ನಡಿತೈತೇನ್ರಿ? ಈಕಿ ಬಾಲವಾಡಿಗೆ ಹೋಗೂವಂಗ ಆಗ್ಲಿ.”

ಈ ಮಾತು ಆಕೆಯ ಹೊಟ್ಟೆಯಲ್ಲಿ ಎಷ್ಟು ದಿನದಿಂದ ಇತ್ತೋ. ನಾನು ಕೇಳಿದ್ದರೆ ತಾನೆ ಹೇಳುವುದು? “ನಿನ್ನ ಮೈ, ನೀ ಹೇಳಿದಾಗ” ಎಂದೆ. ಆಕೆ ತಲೆ ಎತ್ತಿ ನೋಡಿದ ರೀತಿ ನನಗಿನ್ನೂ ನೆನಪಿದೆ.

ಹರಕೆ ಒಪ್ಪಿಸಲು ಎಲ್ಲರೂ ಯಡೂರಿಗೆ ಹೋದೆವು. ಕಣ್ಣು ಮುಚ್ಚಿ ಕೈ ಮುಗಿದಾಗ ಹಳೆಯ ರೂಢಿಗೆ ನನ್ನ ತುಟಿ ಅಲುಗಿರಬೇಕು. ಪಕ್ಕದಿಂದ ಮಗನ ದನಿ ಬಂತು, ನಿಜವಾದ ಭಯದಲ್ಲಿ.

“ಯವ್ವಾ, ಏನ ಬೇಡ್ಕೊಳ್ಳಾಕತ್ತಿ?”

“ಏನಿಲ್ಲೋ. ಇದ್ದವರನ್ನ ಚೆಂದಂಗ ಇಡಪಾ ಅಂದ್ನಿ, ಅಷ್ಟ.”

“ಖರೇನ? ಸೋಮವಾರ ಗೀಮವಾರ ಏನೂ ಹೇಳಿಲ್ಲಲ್ಲ?”

“ಇಲ್ಲ.”

ಅವನು ಸೊಸೆಯ ಮುಖ ನೋಡಿ ಖಾತ್ರಿ ಮಾಡಿಕೊಂಡು, ಪ್ರಸಾದದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತ. ತನ್ನ ಪಕ್ಕದಲ್ಲಿ ಹೆಂಡತಿಗೆ ಜಾಗ ಹಿಡಿದಿದ್ದ.