ಪೆಂಟಮ್ಮನ ಎಡಗಿವಿ

ಗಂಡಸರು ತುಂಬಿದ ಮೈದಾನದಲ್ಲಿ ಒಬ್ಬ ಹೆಂಗಸು ಕೈ ಎತ್ತಿದರೆ ಎಲ್ಲರೂ ನಿಂತುಬಿಡುವುದು ಮಕ್ತಲಿನ ಸುತ್ತಮುತ್ತ ಕಬಡ್ಡಿಯಲ್ಲಿ ಮಾತ್ರ. ಅದೂ ಪೆಂಟಮ್ಮ ಅಂಪೈರ್ ಆಗಿದ್ದರೆ.

ಪೆಂಟಮ್ಮ ಉಟ್ಕೂರಿನ ಕುರುಬರ ಮನೆಯ ಮಗಳು. ಮಕ್ತಲಿನ ಖಾಸಗಿ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ. ಗಂಡ ಬಾಲಯ್ಯ ಆಟೋ ಓಡಿಸುತ್ತಾನೆ. ಮನೆಯಲ್ಲಿ ಯಾವ ಮಾತಿಗೂ ಅವಳನ್ನು ಕೇಳುವವರಿಲ್ಲ. ಶಾಲೆಯಲ್ಲಿ ಗಣಿತದವರು ಅವಳ ಪೀರಿಯಡ್ ಕಿತ್ತುಕೊಂಡರೂ ಸುಮ್ಮನಿರಬೇಕು. ಅಂಗಿ ಪ್ಯಾಂಟು ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಗೆರೆಯ ಪಕ್ಕ ನಿಂತಾಗ ಮಾತ್ರ ಅವಳು ಹೇಳಿದ್ದೇ ಕೊನೆಯ ಮಾತು.

ನೋಡುವವರಿಗೆ ಅದು ನಿಂತು ಮಾಡುವ ಕೆಲಸ. ಆದರೆ ರೈಡರ್ ಒಳಗೆ ನುಗ್ಗಿದ ಕ್ಷಣದಿಂದ ಅಂಪೈರ್ ಮಂಡಿ ಬಗ್ಗಿಸಿ, ಸೊಂಟ ತಗ್ಗಿಸಿ, ಏಡಿಯ ಹಾಗೆ ಅಡ್ಡಡ್ಡ ಓಡುತ್ತಿರಬೇಕು. ಕಣ್ಣು ರೈಡರ್‌ನ ಕಾಲಿನ ಮೇಲೆ, ಗೆರೆಯ ಮೇಲೆ, ಹಿಡಿಯಲು ಬಂದವರ ಕೈಗಳ ಮೇಲೆ. ಬೆಳಗಿನಿಂದ ಬಿಸಿಲಿಳಿಯುವವರೆಗೆ ಒಂದಾದ ಮೇಲೊಂದು ಪಂದ್ಯ. ಹೆಂಗಸರಿಗೆ ಮೈದಾನದಲ್ಲಿ ಪಾಯಖಾನೆ ಇರುವುದಿಲ್ಲವಾದ್ದರಿಂದ ಪೆಂಟಮ್ಮ ಅಂಥ ದಿನ ನೀರನ್ನೇ ಕುಡಿಯುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಒಡೆದ ತುಟಿ ಸೀಟಿಗೆ ಅಂಟಿಕೊಳ್ಳುತ್ತಿತ್ತು.

ಇದೆಲ್ಲ ಅವಳಿಗೆ ಒಗ್ಗಿಹೋಗಿತ್ತು. ಕೈಕೊಟ್ಟದ್ದು ಕಿವಿ.

ರೈಡರ್ ಎದುರಾಳಿಯ ಅಂಗಳದಲ್ಲಿ ಇರುವಷ್ಟು ಹೊತ್ತೂ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ಈ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ. ದಮ್ಮು ಬಿಟ್ಟರೆ ಅಂಪೈರ್ ಸೀಟಿ ಊದಿ ವಾಪಸು ಕಳಿಸುತ್ತಾರೆ, ಮುಟ್ಟಿದ್ದು ಲೆಕ್ಕಕ್ಕಿಲ್ಲ, ಅಂಕ ಎದುರಾಳಿಗೆ. ಆ ಸಣ್ಣ ಸದ್ದು ಪೆಂಟಮ್ಮನ ಎಡಗಿವಿಗೆ ಬೀಳುವುದು ನಿಂತುಹೋಗಿತ್ತು. ರಾಯಚೂರಿನ ಡಾಕ್ಟರು, ‘ಗಿರಣಿಯಾಗ ಕೆಲಸ ಮಾಡ್ತೀರೇನ್ರಿ?’ ಎಂದು ಕೇಳಿದ್ದರು. ‘ಇಲ್ರಿ, ಸೀಟಿ ಊದ್ತೀನಿ’ ಎಂದಾಗ ನಕ್ಕು, ಆಮೇಲೆ ನಗು ನಿಲ್ಲಿಸಿ, ಇನ್ನು ಊದಬೇಡಿ ಎಂದಿದ್ದರು.

ಅಂಪೈರುಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆಯಿದೆ. ಓಡಿಸುತ್ತಾರೆ, ಕಣ್ಣು ನೋಡುತ್ತಾರೆ. ಕಿವಿ ಯಾರೂ ನೋಡುವುದಿಲ್ಲ.

ರೈಡರ್ ಎಡಕ್ಕೆ ಸರಿದರೆ ಪೆಂಟಮ್ಮ ಬಲಗಿವಿ ಕೊಡಲು ಮುಖ ತಿರುಗಿಸಬೇಕು, ಮುಖ ತಿರುಗಿಸಿದರೆ ಕಾಲು ಕಾಣುವುದಿಲ್ಲ. ಇದನ್ನು ಮೊದಲು ಕಂಡುಹಿಡಿದವನು ಎದುರುಬದಿಯ ಅಂಪೈರ್, ಮೊಣಕಾಲು ನೋವಿನ ಕಿಷ್ಟಪ್ಪ.

‘ಪೆಂಟಕ್ಕಾ, ಮಂದಿಗಿ ಹೇಳಬ್ಯಾಡ. ಹೇಳಿದ್ರ ನಾಳೇನ ಮನಿಗಿ ಕಳಸ್ತಾರ. ನಿನ್ನ ಎಡಕ ಯಾರರ ದಮ್ಮು ಬಿಟ್ರ ನಾ ಎದಿ ಮ್ಯಾಲ ಕೈ ಇಡ್ತೀನಿ. ನೀ ಊದು.’

‘ನಿನಗ ಮೊಣಕಾಲಿಲ್ಲ, ನನಗ ಕಿವಿ ಇಲ್ಲ. ಇಬ್ರೂ ಸೇರಿದ್ರ ಒಬ್ಬ ಪೂರಾ ಅಂಪೈರ್ ಆಗ್ತಾನ ನೋಡು,’ ಎಂದು ಅವಳು ನಕ್ಕಿದ್ದಳು.

ಹೀಗೆ ವರ್ಷಗಳು ಸಾಗಿದವು. ಆ ಕೈ ಎದೆಗೆ ಹೋದದ್ದು ಕಂಡರೆ ಸಾಕು, ಯೋಚನೆಗಿಂತ ಮೊದಲೇ ಅವಳ ಸೀಟಿ ಕೂಗುತ್ತಿತ್ತು.

ಗದ್ವಾಲದಲ್ಲಿ ಹುಡುಗಿಯರ ಫೈನಲ್. ಗದ್ವಾಲಕ್ಕೂ ಉಟ್ಕೂರಿಗೂ. ಗೆದ್ದವರಿಗೆ ರಾಜ್ಯಮಟ್ಟದ ಪಂದ್ಯ. ಸಂಘಟಕ ಶಿವಕಾಂತ ಬೆಳಿಗ್ಗೆಯೇ ಹತ್ತಿರ ಬಂದು, ‘ಇದನ್ನ ಚಂದಾಗಿ ನಡಸಿಕೊಡ್ರಿ ಮೇಡಂ. ಮುಂದಿನ ತಿಂಗಳು ನಾರಾಯಣಪೇಟದಾಗ ಗಂಡಸರ ಫೈನಲ್‌ಗೆ ನೀವ ರೆಫ್ರಿ’ ಎಂದ. ರೆಫ್ರಿ ಎಂದರೆ ಇಬ್ಬರು ಅಂಪೈರುಗಳ ಮೇಲಿನವರು. ಹೆಂಗಸರಿಗೆ ಆ ಜಾಗ ಈ ಕಡೆ ಯಾರೂ ಕೊಟ್ಟಿರಲಿಲ್ಲ. ಪೆಂಟಮ್ಮ ಅದಕ್ಕಾಗಿ ಬಾಯಿ ಬಿಟ್ಟು ಕೇಳದೆ ಕಾಯುತ್ತ ಬಂದಿದ್ದಳು.

ಅದೇ ಬೆಳಿಗ್ಗೆ ಕಿಷ್ಟಪ್ಪ ಆ ವರ್ಷದ ಓಟದ ಪರೀಕ್ಷೆಯಲ್ಲಿ ಮೊಣಕಾಲು ಹಿಡಿದು ಅರ್ಧಕ್ಕೆ ಕುಳಿತುಬಿಟ್ಟ. ಅವನ ಜಾಗಕ್ಕೆ ಅಲಂಪುರದ ಶ್ರೀನು ಬಂದ, ಹೊಸಬ, ವಿಧೇಯ. ಅವನಿಗೆ ಕಿವಿಯ ವಿಷಯ ಹೇಳಲು ಹೊತ್ತಿತ್ತು. ಹೇಳಿದರೆ ಶಿವಕಾಂತನಿಗೆ ತಲುಪುತ್ತದೆ. ಪೆಂಟಮ್ಮ ಹೇಳಲಿಲ್ಲ.

ಕೊನೆಯ ರೈಡಿಗೆ ಅಂಕ ಸಮಸಮ. ಉಟ್ಕೂರಿನ ರೇಷ್ಮಾ ಒಳಗೆ ಬಂದು ಪೆಂಟಮ್ಮನ ಎಡಕ್ಕೆ ಸರಿದಳು. ಮೈದಾನದ ಆಚೆ ಡಿಜೆ ಬಡಿಯುತ್ತಿತ್ತು. ರೇಷ್ಮಾ ಬಗ್ಗಿ ಒಬ್ಬಳ ಮೊಣಕಾಲು ಮುಟ್ಟಿ ತಿರುಗಿದಳು. ಅದೇ ಹೊತ್ತಿಗೆ, ದಿನವಿಡೀ ಓಡಿ ಏದುಸಿರು ಬಿಡುತ್ತಿದ್ದ ಶ್ರೀನು ಎದೆಯ ಮೇಲೆ ಕೈ ಇಟ್ಟುಕೊಂಡ.

ಪೆಂಟಮ್ಮನ ಸೀಟಿ ಕೂಗಿತು.

‘ದಮ್ಮು ಬಿಟ್ಟಿಲ್ರಿ ಮೇಡಂ,’ ಎಂದಳು ರೇಷ್ಮಾ. ಮುಟ್ಟಿಸಿಕೊಂಡ ಗದ್ವಾಲದ ಹುಡುಗಿ ಔಟಾದೆನೆಂದು ತಲೆ ತಗ್ಗಿಸಿ ಆಗಲೇ ಹೊರಗೆ ಹೊರಟಿದ್ದಳು. ಅವಳನ್ನು ಗೆಳತಿಯರು ತೋಳು ಹಿಡಿದು ಒಳಗೆಳೆದರು.

ರೆಫ್ರಿ ಶ್ರೀನುವನ್ನು ಕರೆದು, ‘ನಿನಗ ಏನ್ ಕೇಳ್ಸಿತಪ್ಪ?’ ಎಂದರು.

‘ಮೇಡಂ ಸೀನಿಯರ್ ಅದಾರಲ್ರಿ. ಮೇಡಂ ಊದ್ಯಾರಂದ್ರ ಬಿಟ್ಟಿರಬೇಕ್ರಿ.’

ಅವನ ಕೈ ಇನ್ನೂ ಎದೆಯ ಮೇಲೇ ಇತ್ತು. ಅದು ಸನ್ನೆಯಾಗಿರಲಿಲ್ಲ ಎಂದು ಪೆಂಟಮ್ಮನಿಗೆ ಆಗ ತಿಳಿಯಿತು. ಮಾತಾಡಬಹುದಿತ್ತು. ಗದ್ವಾಲದ ಜನ ಅಷ್ಟರಲ್ಲಿ ಅಂಗಳಕ್ಕೆ ನುಗ್ಗಿ ತಮ್ಮ ಹುಡುಗಿಯರನ್ನು ಎತ್ತಿಕೊಂಡಿದ್ದರು.

ಬಹುಮಾನ ಕೊಟ್ಟ ಮೇಲೆ ಅವಳು ಶಿವಕಾಂತನ ಬಳಿ ಹೋಗಿ, ‘ನಂದ ತಪ್ಪಾಗೈತ್ರಿ. ನನಗ ಎಡಗಿವಿ ಕೇಳ್ಸಂಗಿಲ್ಲ’ ಎಂದಳು.

‘ಡಿಜೆ ಗದ್ದಲದಾಗ ಯಾರಿಗಿ ಕೇಳ್ಸತೈತಿ, ಬಿಡ್ರಿ,’ ಎಂದ ಅವನು. ‘ಕಪ್ಪು ಕೊಟ್ಟಾಯ್ತು, ಫೋಟೋ ಪೇಪರಿಗಿ ಹೋಯ್ತು. ಗದ್ವಾಲದಾಗ ನಿಂತು ಗದ್ವಾಲ ಸೋತೈತಿ ಅಂತ ಹೇಳಾಕ ನನಗೇನ್ ಹುಚ್ಚ? ಫೈಸಲಾ ಆಯ್ತಂದ್ರ ಆಯ್ತು. ನೀವು ನಾರಾಯಣಪೇಟಕ್ಕ ತಯಾರಾಗ್ರಿ.’

ರೇಷ್ಮಾ ಬಸ್‌ಸ್ಟ್ಯಾಂಡಿನಲ್ಲಿ ಚೀಲದ ಮೇಲೆ ಕುಳಿತಿದ್ದಳು. ಪೆಂಟಮ್ಮ ಪಕ್ಕದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿ ಅಳಲಿಲ್ಲ.

‘ಕಿವಿ ಕೇಳ್ಸಂಗಿಲ್ಲಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?’

‘ಗೊತ್ತಿತ್ತವ್ವ.’

‘ಮತ್ಯಾಕ ನಿಂತಿದ್ರಿ?’

ಪೆಂಟಮ್ಮ ಕೊರಳಿನ ಸೀಟಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ‘ಮುಂದಿನ ವರ್ಷ ನನಗ ಹುಡುಗ್ಯಾರ ಪಂದ್ಯದ ವಯಸ್ಸು ದಾಟತೈತ್ರಿ,’ ಎಂದು ರೇಷ್ಮಾ ಎದ್ದು ಉಟ್ಕೂರಿನ ಬಸ್ಸು ಹತ್ತಿದಳು. ಕಿಟಕಿಯ ಕಡೆ ಕೂರಲಿಲ್ಲ.

ನಾರಾಯಣಪೇಟೆಯ ಫೈನಲ್ ದಿನ ಪೆಂಟಮ್ಮ ಸೀರೆಯುಟ್ಟು ಹೋದಳು. ರೆಫ್ರಿ ಕೆಲಸ ಒಲ್ಲೆ, ಅಂಕ ಬರೆಯುವ ಮೇಜಿನ ಬಳಿ ಕೂಡುತ್ತೇನೆ, ಕಾರಣ ಕಿವಿ ಎಂದು ಶಿವಕಾಂತನಿಗೆ ಮತ್ತೆ ಹೇಳಿದಳು. ಅವನು ಅವಳ ಮುಖವನ್ನೇ ನೋಡಿ, ‘ಅಂಜಿಕಿ ಬಂದೈತಂದ್ರ ಅಂಜಿಕಿ ಅನ್ರಿ ಮೇಡಂ. ಕಿವಿ ಯಾಕ ನಡುವ ತರ್ತೀರಿ?’ ಎಂದ.

ಪಂದ್ಯಕ್ಕೆ ಮೊದಲು ಅವನು ಮೈಕು ಹಿಡಿದು, ಗಂಡಸರ ಪಂದ್ಯದ ಒತ್ತಡ ಹೆಣ್ಣುಮಕ್ಕಳಿಗೆ ಕಷ್ಟವಾಗುವುದರಿಂದ ಪೆಂಟಮ್ಮ ಮೇಡಂ ತಾವಾಗಿಯೇ ಹಿಂದೆ ಸರಿದಿದ್ದಾರೆ, ಅವರ ದೊಡ್ಡತನಕ್ಕೆ ಸನ್ಮಾನ ಎಂದು ಸಾರಿದ. ಶಾಲು ಬಂತು. ಬೇಲಿಯ ಬಳಿ ಗುಂಪಾಗಿ ನಿಂತಿದ್ದ ಅವಳದೇ ಶಾಲೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜನ ಚಪ್ಪಾಳೆ ತಟ್ಟಿದರು. ಪೆಂಟಮ್ಮ ಎದ್ದು ಕೈ ಮುಗಿದಳು. ಶಿವಕಾಂತ ಇಟ್ಟು ಹೋದ ಮೈಕು ಅವಳ ಮುಂದೆ, ಮೇಜಿನ ಮೇಲೇ ಇತ್ತು.