ಗಿರಣಿಯ ಗೋಡೆಗೆ ಅಂಟಿಸಿದ ಜಾಹೀರಾತು

ನರ್ಸ್ ಹುದ್ದೆಯ ಜಾಹೀರಾತು ಗಂಡಸರಷ್ಟೇ ಕೂಡುವ ಚಹಾದಂಗಡಿಯಲ್ಲಿದ್ದರೆ, ಅದನ್ನು ಓದಬೇಕಾದ ಹುಡುಗಿಗೆ ತಲುಪುವುದು ಹೇಗೆ?

ತೊಂಬತ್ತರ ದಶಕದ ಕೊನೆಯಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ನಮ್ಮೂರಲ್ಲಿ ಪತ್ರಿಕೆ ಬರುತ್ತಿದ್ದುದು ಆ ಚಹಾದಂಗಡಿಗೆ ಮಾತ್ರ. ನರ್ಸಿಂಗ್ ಮುಗಿಸಿದ್ದ ನೆರೆಮನೆಯ ಹುಡುಗಿಗೆ ಒಂದು ಅರ್ಜಿಯ ಅವಧಿ ತಿಳಿಯದೆಯೇ ಮೀರಿತ್ತು. ಮನೆಯವರು ಮದುವೆಯ ಮಾತು ತೆಗೆದಿದ್ದರು. ಮುಂದಿನ ಜಾಹೀರಾತು ಕಂಡೊಡನೆ ನಾನು ಅದನ್ನು ಕತ್ತರಿಸಿ, ಹೆಂಗಸರು ಸರದಿ ಕಾಯುವ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದೆ.

“ಏನ್ರಿ ಅಣ್ಣಾರ, ಗಿರಣ್ಯಾಗೂ ಭಾಷಣ ಚಾಲೂ ಮಾಡಿದ್ರೇನು?” ಎಂದು, ಊರ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದ ನನ್ನನ್ನು ನೋಡಿ ಗಿರಣಿಯವನು ನಕ್ಕ.

ಆ ಹುಡುಗಿ ಜೋಳದ ಬುಟ್ಟಿ ಇಳಿಸಿ, ನಿಂತು ಓದಿದಳು. “ಇನ್ನಾ ನಾಕ ದಿನ ಅದಾವ್ರಿ ಅಣ್ಣಾ. ಅರ್ಜಿ ಹಾಕೇ ಹಾಕ್ತೇನಿ,” ಎಂದಳು. ಹಾಕಿದಳು, ಸಿಂದಗಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಇಂಥ ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದರೆ, ದಯವಿಟ್ಟು ನಿಮ್ಮೂರಿನ ಹೆಂಗಸರು ಸೇರುವ ಕಡೆ ಅಂಟಿಸಿರಿ.